ಅವ್ವ ಎಣಿಸುತ್ತಿದ್ದ ಚಾರ್ಜುಗಳು

ತಾಂಡೂರು ಸ್ಟೇಷನ್ನಿನಲ್ಲಿ ರೈಲು ನಿಂತಾಗ ಕಿಟಕಿಯಿಂದ ಒಳಬರುವ ಕಲ್ಲುಪುಡಿಯ ಒಣವಾಸನೆಗೆ ಈಗಲೂ ನಾನು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತೇನೆ. ಮೊನ್ನೆ ಆ ವಾಸನೆಯ ನಡುವೆಯೇ ಪಕ್ಕದಲ್ಲಿದ್ದ ಹೆಣ್ಣುಮಗಳು, "ಅಕ್ಕಾ, ಫೋನಿನ್ಯಾಗ ಚಾರ್ಜ್ ಇಲ್ಲರಿ" ಎಂದಳು. ಬೆಚ್ಚಿಬಿದ್ದೆ. ಎಂ.ಎ. ಓದುವಾಗ ಇಂಗ್ಲಿಷ್ ನಿಘಂಟಿನಲ್ಲಿ ಆ ಪದಕ್ಕೆ ಅರ್ಧ ಪುಟ ಅರ್ಥಗಳನ್ನು ಕಂಡಿದ್ದೆ: ಬಾಡಿಗೆ, ಹೊಣೆ, ಆರೋಪ, ಮೇಲೆ ನುಗ್ಗುವುದು, ವಿದ್ಯುತ್ತು ತುಂಬುವುದು. ನಮ್ಮ ಮನೆಯ ಅರ್ಥ ತೀರಾ ಕೆಳಗಿತ್ತು: ಬಂಡೆ ಒಡೆಯಲು ತೂತಿಗೆ ತುಂಬುವ ಮದ್ದು. ತಾಂಡೂರಿನ ಕಡೆಯ ಕಲ್ಲುಗಣಿಯೊಂದರಲ್ಲಿ ಅಪ್ಪನ ಕೆಲಸ ಅದೇ. ಅವ್ವ ಆ ಮಾತನ್ನು ಬಾಯಿಗೆ ತಂದವಳಲ್ಲ. ಬಸ್ ಚಾರ್ಜಿಗೆ ಕಿರಾಯಿ ಎನ್ನುತ್ತಿದ್ದಳು. ಕೊನೆಗಾಲದಲ್ಲಿ ಮೊಬೈಲ್ ಕೊಡಿಸಿದಾಗಲೂ, "ಇದಕ್ಕ ಸ್ವಲ್ಪ ಕರೆಂಟ್ ಕುಡಸವ್ವಾ" ಎನ್ನುವಳು.

ದಿನವೂ ಅಪ್ಪ ಹೊಸ್ತಿಲು ದಾಟುವಾಗ ಅಂದು ಎಷ್ಟು ಚಾರ್ಜ್ ಎಂದು ಹೇಳಿಹೋಗುತ್ತಿದ್ದ. ಮಧ್ಯಾಹ್ನ ಗಣಿಯ ಸೈರನ್ ಕೂಗಿದ ಕೂಡಲೇ ಅವ್ವ ಒಲೆ ಬಿಟ್ಟು, ಮೊರ ಹಿಡಿದು ಕೂಡುತ್ತಿದ್ದಳು. ಒಂದೊಂದು ಸದ್ದಿಗೆ ಒಂದೊಂದು ತೊಗರಿಕಾಳು ಪಕ್ಕಕ್ಕೆ. ಗೋಡೆ ನಡುಗಿ, ತಾಟುಗಳು ಝಣಗುಟ್ಟಿ, ಮಾಳಿಗೆಯಿಂದ ಮಣ್ಣು ಉದುರುತ್ತಿತ್ತು. ಲೆಕ್ಕ ಸರಿಬಂದರೆ ಅವಳಿಗೆ ಉಸಿರು. ಒಂದು ಕಡಿಮೆಯಾದರೂ, ಸಿಡಿದು ಹಾರದ ಮದ್ದು ಬಂಡೆಯೊಳಗೇ ಉಳಿದಿದೆ ಎಂದರ್ಥ. ಅದನ್ನು ಹುಡುಕಿ ಹತ್ತಿರ ಹೋಗಬೇಕಾದವನು ಅಪ್ಪ.

ಆ ದಿನ ಏಳು ಎಂದು ಹೇಳಿಹೋಗಿದ್ದ. ಮೊರದಲ್ಲಿ ಆರೇ ಕಾಳು. ಅವ್ವ ಗೋಡೆಯಾಚೆಯ ಕಾಶಮ್ಮನನ್ನು ಕೂಗಿ, "ನಿನಗ ಎಷ್ಟ ಕೇಳಸಿದ್ವು?" ಎಂದಳು. "ನನ್ನೇನು ಕೇಳ್ತಿ, ಗಂಡ ಬೈದದ್ದೇ ಕೇಳಸಂಗಿಲ್ಲ ನನಗ" ಎಂದು ಕಾಶಮ್ಮ ನಕ್ಕಳು. ಅವ್ವ ನಗಲಿಲ್ಲ. ಸಂಜೆ ಅಪ್ಪ ಹುಬ್ಬೆಲ್ಲ ಬಿಳಿಯಾಗಿ ಬಂದಾಗ, ನೀರು ಕೊಡುತ್ತಲೇ, "ಆರೇ ಹಾರ್ಯಾವ" ಎಂದಳು. "ಎರಡು ಕೂಡೇ ಹಾರ್ಯಾವ, ಹುಚ್ಚಿ" ಎಂದ ಅಪ್ಪ ನನ್ನತ್ತ ತಿರುಗಿ, ದನಿ ತಗ್ಗಿಸಿ ಕೇಳಿದ: "ನೀ ಎಷ್ಟ ಕೇಳಿದಿ, ಬೇಟಾ?" ಅವನಿಗೂ ಗೊತ್ತಿಲ್ಲವೆಂದು ಆಗ ತಿಳಿಯಿತು. ನಾನು ಕೇಳಿದ್ದು ಆರು. ಹಾಗೆ ಹೇಳಿದರೆ ಬೆಳಿಗ್ಗೆ ಅವನು ಆ ಬಂಡೆಯ ಬಳಿ ಹೋಗುತ್ತಾನೆ. "ಏಳು" ಎಂದೆ. ಹಾರದ ಮದ್ದಿನ ಮೇಲೆಯೇ ಬೇರೆಯವರು ಕೊರೆಯಬಹುದು ಎಂಬುದು ಹೊಳೆಯುವ ವಯಸ್ಸಲ್ಲ. ಅಥವಾ ಹೊಳೆದಿತ್ತೇ? ಡೈರಿಯಲ್ಲಿ ಎಷ್ಟೋ ಸಲ ಬರೆದು ಹೊಡೆದುಹಾಕಿದ ಸಾಲು ಇದು.

ಅಪ್ಪ ನನ್ನ ಮುಖವನ್ನೇ ನೋಡಿ, ಮೊರದಲ್ಲಿದ್ದ ಕಾಳುಗಳನ್ನು ತಾನೇ ಎಣಿಸಿದ. ಮರುದಿನ ಎಲ್ಲರನ್ನೂ ದೂರ ನಿಲ್ಲಿಸಿ ಒಬ್ಬನೇ ಇಳಿದನಂತೆ. ಹೊತ್ತಲ್ಲದ ಹೊತ್ತಿನಲ್ಲಿ ಒಂದೇ ಒಂದು ಸದ್ದು ಬಂತು. ಸಂಜೆಯವರೆಗೆ ನಾನೂ ಅವ್ವನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಪ್ಪ ನಡೆದುಕೊಂಡೇ ಬಂದ, ಕೈಕಾಲು ತೊಳೆದ, ಊಟ ಮಾಡಿದ. ಆದರೆ ಅಂದಿನಿಂದ ಬೆಳಿಗ್ಗೆ ಲೆಕ್ಕ ಹೇಳುವುದನ್ನು ಬಿಟ್ಟ.

ಇಬ್ಬರೂ ಈಗಿಲ್ಲ, ಮನೆಯಿದ್ದ ನೆಲವನ್ನೂ ಗಣಿ ತಿಂದಿದೆ. ಅಪ್ಪ ಲೆಕ್ಕ ಹೇಳದ ಆ ದಿನಗಳಲ್ಲಿ, ಎಷ್ಟನೆಯ ಸದ್ದಿಗೆ ಉಸಿರು ಬಿಡಬೇಕೆಂಬುದು ತಿಳಿಯದೆ, ಸದ್ದು ನಿಂತ ಮೇಲೂ ಅವ್ವ ಕೂತಲ್ಲಿಂದ ಏಳುತ್ತಿರಲಿಲ್ಲ. ಅಪ್ಪ ಬಾಗಿಲಿಗೆ ಬರುವತನಕ ನಮ್ಮ ಒಲೆ ತಣ್ಣಗೇ ಇರುತ್ತಿತ್ತು.