ಹಿಂದಿನ ಸೀಟಿನಲ್ಲಿ ಮಾವ ಇರಲಿಲ್ಲ

ಚಾಮರಾಜನಗರದಲ್ಲಿ ನಾನು ಹೈಸ್ಕೂಲು ಮೇಷ್ಟ್ರಾಗಿದ್ದ ಕಾಲ. ಕೈಗೆ ಮೊಬೈಲು ಬಂದು ಇನ್ನೂ ವರ್ಷವಾಗಿರಲಿಲ್ಲ. ಆ ದಸರಾ ರಜೆಗೆ ನಾನೂ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರೂ ನನ್ನ ಬೈಕಿನಲ್ಲಿ ಒಂದು ದೊಡ್ಡ ಸುತ್ತು ಹಾಕುವುದೆಂದು ತೀರ್ಮಾನಿಸಿದೆವು. ಗುಂಡ್ಲುಪೇಟೆ, ಬಂಡೀಪುರ, ಊಟಿ, ಕೂನೂರು. ಅಲ್ಲಿಂದ ಇಳಿದು ಸತ್ಯಮಂಗಲ, ದಿಂಬಂ ಘಾಟಿ ಹತ್ತಿ ವಾಪಸು. ಎರಡು ತಿಂಗಳು ಸ್ಟಾಫ್‌ರೂಮಿನಲ್ಲಿ ನಮಗೆ ಬೇರೆ ಮಾತೇ ಇರಲಿಲ್ಲ. ಅವರು ಡ್ರಾಯಿಂಗ್ ಶೀಟಿನಲ್ಲಿ ನಕ್ಷೆ ಬರೆದು, ತಿರುವುಗಳಿಗೆಲ್ಲ ಬಣ್ಣ ತುಂಬಿ, ಆನೆ ಸಿಗಬಹುದಾದ ಕಡೆ ಆನೆಯನ್ನೂ ಬರೆದರು. ಹೊರಡುವ ಹಿಂದಿನ ದಿನ ಅವರ ಸೊಂಟ ಹಿಡಿದುಕೊಂಡಿತು.

"ಒಬ್ರೇ ಹೋಗ್ಬೇಡಿ, ಅಪ್ಪನ್ನ ಕರ್ಕೊಂಡ್ಹೋಗಿ," ಎಂದಳು ಹೆಂಡತಿ.

ಮಾವನವರು ಭೀಮನಬೀಡಿನಲ್ಲಿ ಬೇಸಾಯಗಾರರು. ಗೋಪಾಲಸ್ವಾಮಿ ಬೆಟ್ಟ ನೋಡುತ್ತಲೇ ಅರವತ್ತು ದಾಟಿದವರು, ಊಟಿ ನೋಡಿರಲಿಲ್ಲ. ನನಗೋ ಅವರೆಂದರೆ ಅಳುಕು. ಮದುವೆಯಾಗಿ ಎಂಟು ವರ್ಷವಾದರೂ ನಮ್ಮ ಮಾತುಕತೆ 'ಊಟ ಆಯ್ತಾ', 'ಮಳೆ ಬಂತಾ' ದಾಟಿರಲಿಲ್ಲ. ಬೆಳಿಗ್ಗೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಹಣೆಗೆ ವಿಭೂತಿ, ತಲೆಗೆ ಮಂಕಿಕ್ಯಾಪು, ಗರಿಗರಿ ಪಂಚೆ, ಕೈಯಲ್ಲಿ ರೊಟ್ಟಿಯ ಗಂಟು ಸಮೇತ ನಿಂತಿದ್ದರು. ಅಳಿಯನನ್ನು ಮುಟ್ಟಲು ಸಂಕೋಚವಾಗಿ ಸೀಟಿನ ಹಿಂದಿನ ಕಂಬಿ ಹಿಡಿದು ಕೂತರು.

ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ಬೈಕಿನ ನಂಬರು ಬರೆಸಿದೆ. ಹಿಂದಿದ್ದ ಲಾರಿ ಒಂದೇ ಸಮ ಹಾರನ್ ಹೊಡೆಯತೊಡಗಿತು. ಹೊರಟುಬಿಟ್ಟೆ.

ಮಳೆ ಕಂಡ ಕಾಡು ಹಸಿರೋ ಹಸಿರು. ಬೈಕು ಹಗುರವಾಗಿ ಓಡುತ್ತಿತ್ತು. ಸರ್ವೀಸ್ ಮಾಡಿಸಿದ್ದು ಸಾರ್ಥಕವಾಯಿತೆಂದು ಹಿಗ್ಗಿದೆ. ಮುಖ ನೋಡದೆ ಮಾತಾಡುವ ಅನುಕೂಲ ಸಿಕ್ಕಿದ್ದರಿಂದ, ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಹೇಳಿಯೇಬಿಟ್ಟೆ.

"ಮಾವ, ನನಗೆ ಹೆಡ್‌ಮಾಸ್ಟರ್ ಬಡ್ತಿ ಬಂದಿತ್ತು. ದೂರದ ಜಿಲ್ಲೆ. ಬೇಡ ಅಂತ ಬರೆದುಕೊಟ್ಟೆ. ನಿಮ್ಮ ಮಗಳಿಗೆ ಇನ್ನೂ ಹೇಳಿಲ್ಲ."

ಉತ್ತರವಿಲ್ಲ. ಸಿಟ್ಟಾದರೇನೋ ಎಂದು ಕಾರಣಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಆಗಲೂ ಮೌನ. ಎಂಥ ದೊಡ್ಡ ಮನಸ್ಸು, ಒಂದು ಮಾತೂ ಆಡದೆ ಒಪ್ಪಿಕೊಂಡರಲ್ಲ ಎಂದು ನನಗೆ ಕಣ್ಣು ತುಂಬಿಬಂತು.

ತಮಿಳುನಾಡಿನ ಗಡಿಯ ಚೆಕ್‌ಪೋಸ್ಟಿನಲ್ಲಿ ಗಾರ್ಡು, ಒಬ್ಬರೇನಾ ಎಂದು ತಮಿಳಿನಲ್ಲಿ ಕೇಳಿದ. "ಇಲ್ಲಪ್ಪ, ಇಬ್ಬರು," ಎಂದೆ. ಅವನು ನನ್ನ ಬೆನ್ನ ಹಿಂದೆ ನೋಡಿದ. ಆಮೇಲೆ ನನ್ನ ಮುಖ ನೋಡಿದ. ನಾನೂ ತಿರುಗಿ ನೋಡಿದೆ.

ಸೀಟು ಖಾಲಿ. ಮೊಬೈಲಿಗೆ ಸಿಗ್ನಲ್ಲಿಲ್ಲ, ಇದ್ದರೂ ಮಾವನ ಬಳಿ ಮೊಬೈಲಿಲ್ಲ. ಬಂದ ದಾರಿಗೇ ಬೈಕು ತಿರುಗಿಸಿದೆ. ಪ್ರತಿ ಪೊದೆಯಲ್ಲೂ ಮಂಕಿಕ್ಯಾಪು ಕಂಡಂತಾಗುತ್ತಿತ್ತು. ಹೆಂಡತಿಗೆ ಏನು ಹೇಳಬೇಕೆಂದು ಗಟ್ಟಿಯಾಗಿ ಅಭ್ಯಾಸ ಮಾಡುತ್ತಾ ಹೋಗುವಾಗ ಎದುರಿಗೊಂದು ಎಲೆಕೋಸಿನ ಲಾರಿ ಬಂತು. ಕಿಟಕಿಯಿಂದ ಒಂದು ಕೈ ಜೋರಾಗಿ ಬೀಸುತ್ತಿತ್ತು. ಮುಂದೆ ಆನೆಯಿದೆ ಎಂದು ಎಚ್ಚರಿಸುತ್ತಿದ್ದಾರೆ ಅಂದುಕೊಂಡು ನಾನೂ ಕೈ ಬೀಸಿ, ಅಲ್ಲಿಂದ ಮುಂದಕ್ಕೆ ಬಲು ಜೋಪಾನವಾಗಿ ಹೋದೆ.

ಮೇಲುಕಾಮನಹಳ್ಳಿಯ ಗಾರ್ಡು ನನ್ನನ್ನು ನೋಡಿ ತಲೆ ಚಚ್ಚಿಕೊಂಡ. "ಅಯ್ಯೋ ಸಾ, ನಿಮ್ ಮಾವ್ನೋರು ಪಂಚೆ ಸರಿ ಮಾಡ್ಕೊಳಾಕೆ ಇಳುದ್ರು, ನೀವು ಒಂಟೋಗ್ಬುಟ್ರಿ. ಅವ್ರು ಎಲೆಕೋಸಿನ್ ಲಾರಿ ಅತ್ಕೊಂಡು ನಿಮ್ ಇಂದೇನೇ ಓದ್ರಲ್ಲ!"

ಅದೇ ಕಾಡನ್ನು ಮೂರನೇ ಸಲ ದಾಟಿದೆ. ಗಡಿಯ ಚೆಕ್‌ಪೋಸ್ಟಿನಲ್ಲಿ ಮಾವ ಗಾರ್ಡಿನ ಕುರ್ಚಿಯಲ್ಲಿ ಕೂತಿದ್ದರು. ಗಾರ್ಡು ನಿಂತುಕೊಂಡು ಅವರ ರೊಟ್ಟಿ ತಿನ್ನುತ್ತಿದ್ದ.

"ಏನ್ ಅಳಿಮಯ್ಯ, ನಾನ್ ಕೈ ಬೀಸುದ್ರೆ ನೀವೂ ಬೀಸ್ಬುಟ್ಟು ಓಗದಾ? ಕಾಡೊಳ್ಗೆ ನಿಲ್ಸಂಗಿಲ್ಲ ಅಂದ್ಬುಟ್ಟ ಡ್ರೈವರು."

ಮತ್ತೆ ಹೊರಟಾಗ ಅವರು ಸಂಕೋಚ ಬಿಟ್ಟು ಎರಡೂ ಕೈಯಿಂದ ನನ್ನ ಸೊಂಟ ತಬ್ಬಿ ಹಿಡಿದರು. ಬಡ್ತಿಯ ಕತೆಯನ್ನು ಇನ್ನೊಂದು ಸಲ ಹೇಳಿದೆ. ಈ ಸಲ ಧೈರ್ಯವೂ ಅರ್ಧವಾಗಿತ್ತು, ಕಾರಣಗಳೂ ಅರ್ಧ ಮರೆತುಹೋಗಿದ್ದವು.

"ಅದಾ? ಅವ್ಳ್ಗೆ ಆಗ್ಲೇ ಗೊತ್ತು ಬುಡಿ," ಎಂದರು. "ಡ್ರಾಯಿಂಗ್ ಮೇಷ್ಟ್ರು ಎಂಡ್ರು ಏಳವ್ರೆ. ಬಾಯ್ಬುಡ್ತಾರೇನೋ ನೋಡು ಅಂತ್ಲೇ ನನ್ನ ಗಾಡಿ ಅತ್ಸವ್ಳೆ."

"ನಿಮಗೆ ಬೇಜಾರಾಯ್ತಾ ಮಾವ?"

"ಬೇಜಾರ್ಯಾಕೆ? ನೀವ್ ಅತ್ರುದಲ್ಲಿದ್ರೆ ಮಗ್ಳು ಅಬ್ಬಕ್ಕಾದ್ರೂ ಬತ್ತಾಳೆ. ರೋಡ್ ನೋಡ್ಕೊಂಡು ಓಡ್ಸಿ."

ಊಟಿ ಮುಟ್ಟಿದವನೇ, ಹೊರರಾಜ್ಯದಲ್ಲಿ ಮೊಬೈಲು ದುಬಾರಿಯೆಂದು ಎಸ್‌ಟಿಡಿ ಬೂತಿನಿಂದ ಹೆಂಡತಿಗೆ ಎಲ್ಲವನ್ನೂ ಒಪ್ಪಿಸಿದೆ, ಅವಳಪ್ಪನನ್ನು ಕಳೆದುಕೊಂಡಿದ್ದೊಂದನ್ನು ಬಿಟ್ಟು. ಮಾವ ಫೋನು ಇಸಿದುಕೊಂಡು ಮೊದಲು ಹೇಳಿದ್ದೇ ಅದನ್ನು. ಫೋನು ಇಟ್ಟ ಮೇಲೂ ಅವಳ ನಗು ಕಿವಿಯಲ್ಲಿತ್ತು.

ಮಾರನೆಯ ದಿನ ಸಸ್ಯೋದ್ಯಾನದ ಹುಲ್ಲುಹಾಸನ್ನು ಮಾವ ಬಹಳ ಹೊತ್ತು ನೋಡಿದರು. "ಇಷ್ಟ್ ಒಳ್ಳೆ ಭೂಮೀಲಿ ಬರೀ ಉಲ್ಲು ಬೆಳ್ದವ್ರಲ್ಲ, ಒಂದ್ ದನಾನೂ ಬುಟ್ಟಿಲ್ಲ," ಎಂದು ಮರುಗಿದರು. ಮೂರನೆಯ ದಿನ ದಿಂಬಂ ಘಾಟಿಯ ತುದಿಯಲ್ಲಿ ಮಾತ್ರ ತಾವಾಗಿಯೇ ಬೈಕು ನಿಲ್ಲಿಸಿ ಎಂದರು. ಕೆಳಗೆ ಬಯಲು ಕಣ್ಣಿಗೆ ನಿಲುಕದಷ್ಟು ದೂರ ಹರಡಿತ್ತು. ಕಟ್ಟೆಯ ಮೇಲೆ ಕೂತು, "ಇನ್ನೊಂಚೂರು ಒತ್ತು ಇದ್ದು ಓಗನ," ಎಂದರು. ಊರು ಹತ್ತಿರವೇ ಇತ್ತು. ನನಗೂ ಅವಸರವಿರಲಿಲ್ಲ.