ಬೇಬಿಯಕ್ಕನ ಕೊಸರು, ಐಸ್ ಪ್ಲಾಂಟಿನ ಬ್ರಾಕೆಟ್ಟು

ಕಳೆದ ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ತೆಕ್ಕಟ್ಟೆಯ ನಮ್ಮ ಮನೆ ಜಗಲಿಯಲ್ಲಿ ಒಂದು ತೀರ್ಪು ಹೊರಬಿತ್ತು. ಕಂಪ್ಯೂಟರ್ ಹೇಳುವುದು ತಪ್ಪು, ಕಪ್ಪೆಚಿಪ್ಪು ಹೇಳುವುದು ಸರಿ!

ನಗಬೇಡಿ. ಆ ಹೊತ್ತಿಗೆ ನನ್ನ ತಮ್ಮನ ನಾಲ್ಕು ತಿಂಗಳ ದುಡಿಮೆ ಒಂದೇ ಒಂದು ಕಪ್ಪೆಚಿಪ್ಪಿನ ಮೇಲೆ ನಿಂತಿತ್ತು.

ತಮ್ಮ ಸುಧಾಕರನಿಗೆ ನಲವತ್ತೆರಡು. ನಮ್ಮ ಮನೆಯ ಮಹಡಿಯಲ್ಲೇ ಕೂತು ಅಂಗಡಿ, ಗೋಡೌನುಗಳಿಗೆ ಪ್ರೋಗ್ರಾಮ್ ಬರೆದುಕೊಡುತ್ತಾನೆ. ಈ ಸಲ ಬರೆದದ್ದು ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿಗೆ. ಯಾವ ಬೋಟಿಗೆ ಎಷ್ಟು ಬ್ಲಾಕ್ ಐಸ್, ಯಾರ ಸರದಿ ಯಾವಾಗ ಎಂದು ಅದು ಹೇಳಬೇಕು. ಒಂದು ತಿಂಗಳ ಹಿಂದೆ ಅದು ಓಡತೊಡಗುವವರೆಗೆ ಇದೆಲ್ಲ ಕರಿಹಲಗೆಯ ಮೇಲೆ ಚಾಕ್‌ಪೀಸಿನಲ್ಲಿ ನಡೆಯುತ್ತಿತ್ತು.

ಅವನು ಬರೆಯುವ ಭಾಷೆ ಲಿಸ್ಪ್ ಎಂಬ ಹಳೇ ಕಂಪ್ಯೂಟರ್ ಭಾಷೆಯ ಮನೆತನದ್ದು. ನೋಡಿದರೆ ಬರೀ ಬ್ರಾಕೆಟ್ಟು. (ನನ್ನ ಬರಹದಲ್ಲಿ ಬ್ರಾಕೆಟ್ಟಿನೊಳಗೆ ಸಣ್ಣಪುಟ್ಟ ಮಾತಿರುತ್ತದೆ. ಅವರಲ್ಲಿ ಇಡೀ ಪ್ರಪಂಚವೇ ಬ್ರಾಕೆಟ್ಟಿನೊಳಗೆ.) ಈ ಭಾಷೆ ಬರೆಯುವವರು ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕು ಜಾಲಾಡಿದರೆ ಐದು ಜನ. ಅವರದ್ದೊಂದು ವಾಟ್ಸಾಪ್ ಗ್ರೂಪು. ಒಬ್ಬರಿಗೊಬ್ಬರು ಸಹಾಯ ಮಾಡುವುದಕ್ಕೇ ಇರುವ ಗ್ರೂಪು. ಆದರೆ ಯಾರೂ ಉತ್ತರ ಹೇಳುವುದಿಲ್ಲ!

ಅದು ಅವರ ಕಟ್ಟಳೆ. ಪ್ರೋಗ್ರಾಮ್ ಕೆಟ್ಟರೆ ಮೊದಲು ಅದನ್ನು ಏನೂ ತಿಳಿಯದ ಒಬ್ಬರೆದುರು ಕೂತು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಓದುತ್ತಾ ಓದುತ್ತಾ ತಪ್ಪು ತಾನಾಗಿ ಕಾಣುತ್ತದಂತೆ. ಬೈಂದೂರಿನ ಸದಸ್ಯರೊಬ್ಬರು ಹಟ್ಟಿಯ ಎಮ್ಮೆಗೆ ಓದಿ ಹೇಳುತ್ತಾರೆ. ಎಮ್ಮೆ ಸೊರಗಿಲ್ಲ, ಪ್ರೋಗ್ರಾಮೂ ಓಡುತ್ತಿದೆ. ಬೇರೇನು ಬೇಕು?

ಮಂಗಳವಾರ ಬೆಳಿಗ್ಗೆ ಸುಧಾಕರ ಕುಂದಾಪುರದ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ. ಅವರು ಡ್ರಾಪ್ಸ್ ಬಿಟ್ಟು, ಸಂಜೆಯವರೆಗೆ ಎಲ್ಲವೂ ಮಂಜು ಮಂಜಾಗಿರುತ್ತದೆ ಎಂದು ಕಳಿಸಿದ್ದರು. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಐಸ್ ಪ್ಲಾಂಟಿನ ಮ್ಯಾನೇಜರ ಫೋನು.

"ಹ್ವಾಯ್ ಸುಧಾಕರಣ್ಣ, ನಿಮ್ಮ ಪ್ರೋಗ್ರಾಮ್ ನಿಂತ್ ಹೋಯ್ತ್ ಕಾಣಿ. ಕೆಂಪ್ ಅಕ್ಷರದಗೆ ಇಂಗ್ಲಿಷಲ್ಲಿ ಬೈತಾ ಇತ್ತ್. ಮೂರ್ ಗಂಟಿಗೆ ಬೋಟಿನವ್ರ್ ಬತ್ರ್. ಎರಡ್ರ ಒಳ್ಗೆ ಸರಿ ಆಯ್ಲಿಲ್ಲ ಅಂದ್ರೆ ನಾನ್ ಬೋರ್ಡ್ ಒರ್ಸಿ ಇಡ್ತೆ. ಮತ್ತೆ ನಿಮ್ಮ ಕಂಪ್ಯೂಟರ್ ಬ್ಯಾಡ."

ಹಿಂದಿನ ಸಂಜೆ ಇವನು ಅದರಲ್ಲಿ ಎರಡು ಸಾಲು ತಿದ್ದಿದ್ದ. ಬ್ರಾಕೆಟ್ ಒಂದು ಆಚೀಚೆಯಾಗಿದೆ ಎಂದು ತಲೆಯ ಮೇಲೆ ಕೈಹೊತ್ತು, ಕೊಕ್ಕರ್ಣೆಯ ವಿನೋದಾಗೆ ಫೋನು ಮಾಡಿದ. ಗ್ರೂಪಿನಲ್ಲಿ ಎಲ್ಲರಿಗಿಂತ ಗಟ್ಟಿಗಿತ್ತಿ ಅವಳು. ಗದ್ದೆಯ ಬದುವಿನಲ್ಲಿ ನಿಂತೇ ಪ್ರೋಗ್ರಾಮ್ ಸರಿಮಾಡಿದವಳು.

"ಫೈಲ್ ಕಳ್ಸ್‌ಬೇಡಿ. ಓದಿ," ಎಂದಳು ವಿನೋದಾ ಸ್ಪೀಕರಿನಲ್ಲಿ.

"ಕಣ್ ಕಾಣ್ತಿಲ್ಲ ಮಾರಾಯ್ತಿ!"

"ಅಕ್ಕ ಇದ್ರಲ್ದಾ? ಅವ್ರ್ ಓದ್ಲಿ. ನೀವ್ ಕೇಣಿ."

"ಅವ್ಳಿಗೆ ಎಂತದೂ ಗೊತ್ತಿಲ್ಲ."

"ಓದುವವ್ರಿಗೇ ಗೊತ್ತಿಲ್ಲ ಅಂದ್ರೆ ಇನ್ನೂ ಒಳ್ಳೇದ್."

ಎಮ್ಮೆಗಿಂತ ಒಂದು ಮೆಟ್ಟಿಲು ಮೇಲೆ ನನಗೆ ಬಡ್ತಿ ಸಿಕ್ಕಿತು. ಸಾಂಬಾರಿಗೆ ಹೆಚ್ಚುತ್ತಿದ್ದ ಸೌತೆಕಾಯಿ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಲ್ಯಾಪ್‌ಟಾಪ್ ಎದುರು ಕೂತೆ. "ಬ್ರಾಕೆಟ್ ಓಪನ್. ಡಿಫೈನ್. ಬ್ರಾಕೆಟ್ ಓಪನ್. ಸರದಿ. ಬೋಟು. ಬ್ರಾಕೆಟ್ ಕ್ಲೋಸ್..."

ಅಷ್ಟರಲ್ಲಿ ಮೀನಿನ ಬೇಬಿಯಕ್ಕ ಬುಟ್ಟಿ ಇಳಿಸಿ ಜಗಲಿಯಲ್ಲಿ ಕೂತರು. ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಮೀನು ಕೊಡುವವರು. ಸ್ವಲ್ಪ ಹೊತ್ತು ಕೇಳಿದರು. ಒಂದು ಕಡೆ ನಾನು "ಕ್ಲೋಸ್, ಕ್ಲೋಸ್, ಕ್ಲೋಸ್, ಕ್ಲೋಸ್, ಕ್ಲೋಸ್" ಎಂದು ಒಂದೇ ಉಸಿರಿಗೆ ಐದು ಹೇಳಿದ್ದೇ ತಡ, ಅವರಿಗೆ ತಡೆಯಲಿಲ್ಲ.

"ಎಂತದಮ್ಮ ಇದ್, ಇಷ್ಟ್ ಬಾಗ್ಲ್ ಒಟ್ಟಿಗೇ ಹಾಕುದಾ? ಒಳ್ಗೆ ಯಾರ್ ಇದ್ರ್?"

ತೆರೆದದ್ದೆಲ್ಲ ಮುಚ್ಚಿರಬೇಕು, ಅದೇ ನೋಡುತ್ತಿದ್ದೇವೆ ಎಂದೆ. "ಅಷ್ಟೆಯಾ? ಬಾಯಿ ಲೆಕ್ಕದಗೆ ಆಪ್ದಲ್ಲ ಅದ್," ಎಂದವರೇ ಬುಟ್ಟಿಯಿಂದ ಕಪ್ಪೆಚಿಪ್ಪು ತೆಗೆದು ರಾಶಿ ಹಾಕಿಕೊಂಡರು. ಅಕ್ಕಿ ಕೇರುವ ನಮ್ಮದೇ ಗೆರಸೆ ಎಳೆದುಕೊಂಡರು. ನಾನು ಓಪನ್ ಎಂದರೆ ಗೆರಸೆಗೆ ಒಂದು ಚಿಪ್ಪು ಒಳಗೆ. ಕ್ಲೋಸ್ ಎಂದರೆ ಒಂದು ಹೊರಗೆ. ಮತ್ತೆ ಮೊದಲಿಂದ ಓದಿದೆ. ಅತ್ತ ಸುಧಾಕರ ಕಣ್ಣುಮುಚ್ಚಿ ಧ್ಯಾನ, ಇತ್ತ ಗೆರಸೆಯಲ್ಲಿ ಟಕ್ ಟಕ್ ಟಕ್. ಮುಕ್ಕಾಲು ಗಂಟೆ!

ಕೊನೆಯ ಬ್ರಾಕೆಟ್ ಮುಚ್ಚಿತು. ಗೆರಸೆಯಲ್ಲಿ ಒಂದು ಚಿಪ್ಪು ಉಳಿಯಿತು.

"ಒಂದ್ ಬಾಗ್ಲ್ ಹಾಕ್ಲಿಲ್ಲ ನೀವ್," ಎಂದರು ಬೇಬಿಯಕ್ಕ.

"ಸಾಧ್ಯವೇ ಇಲ್ಲೆ," ಎಂದಳು ವಿನೋದಾ. "ಲೆಕ್ಕ ತಪ್ಪಿರೆ ಫೈಲ್ ತೆರೆದ್ ಕೂಡ್ಲೇ ನಿಮ್ಮ ಮನೆ ಕಂಪ್ಯೂಟರೇ ಹೇಳುತ್ತ್. ಹೇಳ್ತಿಲ್ಲ ಅಂದ್ರೆ ಸರಿ ಇತ್ತ್."

"ಹೌದಾ? ಬಂದರದಗೆ ನೂರ್ ನೂರ್ ಮೀನ್ ಎಣ್ಸಿದ್ ಕೈ ಇದ್, ಹೆಣ್ಣೇ. ನಿನ್ ಮಿಷನ್ ಎಷ್ಟ್ ಮೀನ್ ಎಣ್ಸಿತ್ತ್?"

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೆ? ಮ್ಯಾನೇಜರ ಎರಡನೇ ಫೋನೂ ಬಂತು. ಆಗಲೇ ಹನ್ನೆರಡೂವರೆ. ಸುಧಾಕರನ ಧೈರ್ಯ ಕರಗಿತು. "ಅಕ್ಕಾ, ಬೇಬಿಯಕ್ಕನ್ ಮಾತೇ ಸರಿ. ಕಡೆಗೊಂದ್ ಬ್ರಾಕೆಟ್ ಹಾಕ್," ಎಂದ.

ಹಾಕಿದೆ. ಕ್ಷಣದಲ್ಲಿ ನಮ್ಮ ಲ್ಯಾಪ್‌ಟಾಪೂ ಕೆಂಪಾಗಿ ಬೈಯತೊಡಗಿತು.

"ತೆಗೀರಿ, ತೆಗೀರಿ!" ವಿನೋದಾ ಕೊಕ್ಕರ್ಣೆಯಿಂದ ಕೂಗಿದಳು. ತೆಗೆದೆ. ಆಮೇಲೆ ಬೇಬಿಯಕ್ಕನಿಗೆ ಮೆಲ್ಲಗೆ ಕೇಳಿದೆ, "ನೀವು ಎಣಿಸಿದ್ದು ಹೇಗೆ, ಒಮ್ಮೆ ತೋರಿಸಿ."

ತೋರಿಸಿದರು. ಗೆರಸೆ ಎಳೆದರು. ನಾನು ಬಾಯಿ ತೆರೆಯುವ ಮೊದಲೇ ಒಂದು ಚಿಪ್ಪು ಅದರೊಳಗೆ ಬಿತ್ತು.

"ಇದೆಂತಕ್ಕೆ?"

"ಕೊಸರ್!" ಎಂದರು, ಇಷ್ಟೂ ತಿಳಿಯದವಳೇ ಎಂಬಂತೆ. "ಎಣ್ಸುಕೆ ಕೂಕಂಡ್ ಮೇಲೆ ಕೊಸರ್ ಹಾಕದೆ ಎಣ್ಸುದಾ? ನಿಮ್ಗೆ ಯಾವತ್ತಾರೂ ಹಾಂಗ್ ಕೊಟ್ಟಿದ್ನಾ?"

ಇಲ್ಲ, ಕೊಟ್ಟಿಲ್ಲ. ಇಪ್ಪತ್ತು ಬಂಗುಡೆಗೆ ಯಾವಾಗಲೂ ಇಪ್ಪತ್ತೊಂದು.

ಫೋನಿನಲ್ಲಿ ವಿನೋದಾ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಸುಧಾಕರಣ್ಣ, ಐಸ್ ಪ್ಲಾಂಟಿನವ್ರೂ ಕೊಸರ್ ಕೊಡ್ತ್ರಾ?"

ಮ್ಯಾನೇಜರಿಗೆ ಫೋನು ಹೋಯಿತು. "ಕೊಡ್ದೆ ಮತ್ತೆ? ಹತ್ತ್ ಬ್ಲಾಕಿಗೆ ಮೇಲೊಂದ್, ಬೇಕಾದವ್ರಿಗೆ ಎರಡ್. ಕರಗ್ತಲ್ದಾ!" ಇಷ್ಟು ದಿನ ಅಲ್ಲಿನ ಗುಮಾಸ್ತರು ಹತ್ತು ಎಂದು ಬರೆದು ಹನ್ನೊಂದು ಕೊಡುತ್ತಿದ್ದರಂತೆ. ಅಂದು ಬೆಳಿಗ್ಗೆ ಹೊಸ ಗುಮಾಸ್ತೆ ಬಂದಿದ್ದಾಳೆ. ಪ್ರಾಮಾಣಿಕ ಹುಡುಗಿ. ಬರೀ ಅಂಕಿ ಇರಬೇಕಾದ ಜಾಗದಲ್ಲಿ, ಇದ್ದದ್ದು ಇದ್ದ ಹಾಗೆ, "10 melondu" ಎಂದು ಟೈಪ್ ಮಾಡಿದ್ದಾಳೆ!

ಬ್ರಾಕೆಟ್ಟುಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಮೇಲೊಂದನ್ನು ಅಳಿಸಿದರು. ಒಂದೂವರೆಗೆ ಪ್ರೋಗ್ರಾಮ್ ಎದ್ದು ಕೂತಿತು. (ಮೂವತ್ತು ದಿನ ಸುಳ್ಳು ಬರೆದಾಗ ಚೆನ್ನಾಗಿ ಓಡಿದ್ದು, ಒಂದು ದಿನ ನಿಜ ಬರೆದದ್ದಕ್ಕೆ ಬಿದ್ದುಹೋಯಿತು. ಇದು ಕಂಪ್ಯೂಟರಿಗೆ ಮಾತ್ರ ಹೇಳಿದ್ದಲ್ಲ.)

ಕಥೆ ಮುಗಿಯಿತೆ? ಎಲ್ಲಿ? ಮ್ಯಾನೇಜರು ಹಟ ಹಿಡಿದರು. "ಶನಿವಾರದ ಒಳ್ಗೆ ಕೊಸರೂ ಅದ್ರಗೆ ಬರ್ಕ್. ಇಲ್ದಿರೆ ಬೋರ್ಡೇ ಸೈ."

ಸುಧಾಕರ ಬೇಬಿಯಕ್ಕನನ್ನೇ ಹಿಡಿದ. ಕೊಸರು ಎಷ್ಟು ಕೊಡುವುದು, ಯಾವ ಲೆಕ್ಕದಲ್ಲಿ?

"ಲೆಕ್ಕ ಎಂತದ್? ಮುಖ ಕಂಡ್ ಕೊಡುದ್."

"ಒಂದೇ ಮುಖಕ್ಕೆ ಯಾವಾಗ್ಲೂ ಒಂದೇ ನಮೂನೆಯಾ?"

"ಅದ್ ಹ್ಯಾಂಗ್ ಆತ್ತ್? ನಿನ್ನೆ ಚೌಕಾಸಿ ಮಾಡ್ರೆ ಇವತ್ತ್ ಒಂದೇ. ಮನೇಲಿ ಬಾಣಂತಿ ಇದ್ರೆ ಮೂರ್."

ಸುಧಾಕರ ಕುಸಿದ. ಅವರ ಭಾಷೆಯ ಪ್ರಾಣವೇ ಅದಂತೆ: ಒಳಗೆ ಹೋದದ್ದು ಅದೇ ಆದರೆ ಹೊರಬರುವುದೂ ಪ್ರತಿ ಸಲ ಅದೇ ಇರಬೇಕು. ಬೇಬಿಯಕ್ಕ ಅದಕ್ಕೆ ಒಗ್ಗುವುದಿಲ್ಲ. ಗ್ರೂಪಿನ ಐದೂ ಜನ ಮೂರು ದಿನ ಚರ್ಚಿಸಿದರು. ಬೈಂದೂರಿನವರು ಎಮ್ಮೆಯನ್ನೂ ಕೇಳಿದರು. ವಿನೋದಾ ಶುಕ್ರವಾರ ಸಂಜೆ ಸೋಲೊಪ್ಪಿಕೊಂಡಳು. "ಅಲ್ಲೊಂದ್ ಖಾಲಿ ಡಬ್ಬಿ ಬಿಟ್ಟ್ ಬಿಡಿ ಸುಧಾಕರಣ್ಣ. ಕೊಡುವವ್ರೇ ತುಂಬ್ಸ್ಲಿ. ಕಂಪ್ಯೂಟರ್ ಅದನ್ನ ಮುಟ್ಟುದ್ ಬ್ಯಾಡ."

ಶನಿವಾರ ಮ್ಯಾನೇಜರು ಆ ಖಾಲಿ ಚೌಕವನ್ನು ಕಂಡವರೇ ಪ್ಲಾಂಟಿನ ಎಲ್ಲರನ್ನೂ ಕರೆದು ತೋರಿಸಿದರಂತೆ. "ಈಗ ಕಾಣಿ, ಪ್ರೋಗ್ರಾಮ್ ಅಂದ್ರೆ ಇದ್!" ಕರಿಹಲಗೆ ಅಂದೇ ಗೋಡೆಯಿಂದ ಇಳಿಯಿತು.

ನಾಲ್ಕು ತಿಂಗಳು ಕೂತು ಬರೆದದ್ದರಲ್ಲಿ ಗಿರಾಕಿ ಮೆಚ್ಚಿದ್ದು, ಬರೆಯಲಾಗದೆ ಬಿಟ್ಟ ಜಾಗವನ್ನು!