ಗೋಣಿ ಹೊದಿಸಿದ ದಿನ

ಕಾಳುಮೆಣಸಿನ ಗೋಣಿ ಕೊಡವಿದಾಗ ಏಳುವ ಘಾಟಿಗೆ ನಿಮಗೆ ಸೀನು ಬರಬಹುದು. ನನಗೆ ಮೊಮ್ಮಗಳು ಶೈಲಾಳ ಕಂಪ್ಯೂಟರು ನೆನಪಾಗುತ್ತದೆ. ಇವತ್ತು ಬೆಳಿಗ್ಗೆ ಅಂಗಳದಲ್ಲಿ ಹಾಗೇ ಆಯಿತು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಅಂಕಿ ಓದಲು ಬರುತ್ತದೆ. ಮೂರು ವರ್ಷದ ಹಿಂದೆ ಶೈಲಾ ನನ್ನನ್ನು ತನ್ನ ಕಂಪ್ಯೂಟರಿನ ಕಾವಲಿಗೆ ಕೂರಿಸಿದ್ದು ಅದಕ್ಕೇ. ಅವಳ ಅಜ್ಜ ನಮ್ಮ ಗಡಿಯೂರು ಮರಕ್ಕಡವಿನಲ್ಲಿ ಜನರನ್ನು ಕಬಿನಿ ಹೊಳೆ ದಾಟಿಸುತ್ತಿದ್ದ ದೋಣಿಯವರು. ಅದನ್ನೇ ಅವಳು ಕಂಪ್ಯೂಟರಿನಲ್ಲಿ ಮೂರು ನಿಮಿಷದ ಬೊಂಬೆಚಿತ್ರ ಮಾಡುತ್ತಿದ್ದಳು. ಅದನ್ನು ನೋಡಿ ಬೊಂಬೆಚಿತ್ರ ಕಲಿಸುವ ಒಂದು ಶಾಲೆಯವರು ಸೀಟು ಕೊಡುವುದಿತ್ತು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅದೇ ಕೊನೆಯ ವರ್ಷ.

ಚಿತ್ರಗಳು ಒಂದೊಂದಾಗಿ ಎಂಟು ದಿನ ಬಿಡದೆ ತಯಾರಾಗಬೇಕಂತೆ. ಆ ದುಡಿತವೆಲ್ಲ ಗ್ರಾಫಿಕ್ಸ್ ಕಾರ್ಡ್ ಎಂಬ, ಹೆಂಚಿನಷ್ಟು ದೊಡ್ಡ ಹಲಗೆಯದು. ಯಾರೋ ಬಳಸಿ ಬಿಟ್ಟ ಹಳೆಯ ಮಾಲು. ಶೈಲಾ ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟು, ಕಾರ್ಡಿನ ಓಟವನ್ನೂ ತುಸು ತಗ್ಗಿಸಿದ್ದಳು.

"ಪರದೆ ಮೇಲಿನ ಈ ನಂಬರ್ ನೋಡ್ತಿರು ಅಜ್ಜಿ, ಕಾರ್ಡಿನ ಬಿಸಿ ಇದು. ಎಪ್ಪತ್ತೈದರ ಹತ್ರ ಇದ್ರೆ ಪರವಾಗಿಲ್ಲ. ಎಂಬತ್ತೈದು ದಾಟಿದ್ರೆ ಫೋನ್ ಮಾಡು. ಚೂಡು ಜಾಸ್ತಿ ಆದ್ರೆ ಸತ್ತೇ ಹೋಗ್ತದೆ. ಧೂಳೂ ಬೀಳಬಾರ್ದು."

"ನಿನ್ನ ಅಜ್ಜನಿಗೆ ಜ್ವರ ಬಂದಾಗಲೂ ನಾನು ಇಷ್ಟು ಕಾದಿರಲಿಲ್ಲ ಕಣೇ."

"ಅದಕ್ಕೇ ಅಜ್ಜ ಬೇಗ ಹೋದ್ರು," ಎಂದು ನಕ್ಕಳು.

ಏಳನೇ ದಿನ ಅವಳು ಯಾವುದೋ ಕಾಗದಕ್ಕೆ ಪೇಟೆಗೆ ಹೋದಳು. ನಮ್ಮ ಅಂಗಳದಲ್ಲಿ ಮೆಣಸು ತುಳಿಯುತ್ತಿದ್ದರು. ಧೂಳು ಕಿಟಕಿಯಿಂದ ಒಳಗೇ ಬರುತ್ತಿತ್ತು. ಅವಳ ಮಾತಿನಲ್ಲಿ ಧೂಳೊಂದೇ ನೆನಪಾಗಿ, ಫ್ಯಾನ್ ಆರಿಸಿ, ಪೆಟ್ಟಿಗೆಗೆ ಎರಡು ಗೋಣಿ ಹೊದಿಸಿ, ನಾನೂ ತುಳಿಯಲು ಹೋದೆ.

ನಾವು ಮೆಣಸಿನ ಗೊಂಚಲು ಕೊಯ್ದು ರಾಶಿ ಹಾಕಿ ಗೋಣಿ ಮುಚ್ಚುವುದೇ ಕಾವೇರಲಿ ಎಂದು. ಕಾವಿಗೆ ಕಾಳು ಸಲೀಸಾಗಿ ಉದುರುತ್ತದೆ. ಮದುವೆಯಾಗಿ ಬಂದಾಗಿನಿಂದ ಈ ಕೆಲಸ ಮಾಡಿದವಳು, ಅದೇ ಗೋಣಿಯನ್ನು ಆ ಪೆಟ್ಟಿಗೆಯ ಮೇಲೆ ಹಾಕಿದೆ. ನನ್ನ ಬುದ್ಧಿಗೆ ಏನು ಹೇಳೋಣ?

ಒಳಗೆ ಬಂದಾಗ ಸುಟ್ಟ ವಾಸನೆ. ಪರದೆ ಕಪ್ಪು. ಗೋಣಿ ಮಡಚಿಟ್ಟು ಫ್ಯಾನ್ ಹಾಕಿದೆ. ಸಂಜೆ ಶೈಲಾ ಬಂದು ಪೆಟ್ಟಿಗೆ ಮುಟ್ಟಿ ನೋಡಿದಳು.

"ಅಜ್ಜಿ, ಏನಾದ್ರೂ ಮುಚ್ಚಿದ್ಯಾ?"

"ನಾನ್ಯಾಕೆ ಮುಚ್ಲಿ? ಕರೆಂಟು ಹೋಗಿ ಬಂತು."

ಊರಲ್ಲಿ ಎಲ್ಲರಿಗೂ ಮುಖಕ್ಕೆ ಹೊಡೆದಂತೆ ಮಾತಾಡುವವಳು ನಾನು. ಶೈಲಾ ಮತ್ತೆ ಕೇಳಲಿಲ್ಲ. ಕಾರ್ಡ್ ಬಿಚ್ಚಿ, ಪೇಂಟ್ ಬ್ರಶ್ಶಿನಿಂದ ಗುಡಿಸಿದಳು. ಅದು ಬದುಕಲಿಲ್ಲ. ಚಿತ್ರದ ಕೊನೆಯ ನಲವತ್ತು ಸೆಕೆಂಡು ಬಾಕಿಯಿತ್ತು. ದೋಣಿ ನಡುಹೊಳೆಯಲ್ಲೇ ನಿಂತಿತು. ಗಡುವು ದಾಟಿತು. ಈಗ ಅವಳು ಮನೆಯಲ್ಲೇ ಕೂತು, ಬೇರೆಯವರು ಕಟ್ಟಿಸಲಿರುವ ಮನೆಗಳ ಚಿತ್ರ ಮಾಡಿಕೊಡುತ್ತಾಳೆ. ದೋಣಿಯ ಮಾತು ಎತ್ತುವುದಿಲ್ಲ.

ಇವತ್ತು ಗೋಣಿ ಕೈಯಲ್ಲಿ ಹಿಡಿದೇ ಅವಳ ಬಾಗಿಲಲ್ಲಿ ನಿಂತೆ.

"ಅವತ್ತು ನಾನೇ ಮುಚ್ಚಿದ್ದು. ಇದನ್ನೇ."

ಅವಳು ತಿರುಗಲಿಲ್ಲ. "ಗೊತ್ತು. ಬ್ರಶ್ ಹಾಕಿದಾಗ ಮೆಣಸಿನ ಸಿಪ್ಪೆ ಬಂತು. ಸೀನಿ ಸೀನಿ ಸಾಕಾಯ್ತು."

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ?"

"ನೀನೇ ಹೇಳ್ತೀಯ ಅಂತ ಕಾದೆ."

ಮೂರು ವರ್ಷ. ಅವಳು ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

"ಆ ದೋಣಿ ಇದ್ಯಾ?"

"ಇದೆ."

"ದಡ ಸೇರಿಸು, ಮೋಳೇ, ನನ್ನ ಮಗಳೇ."

"ಈಗ ಯಾರಿಗೆ ಕಳಿಸೋದು ಅಜ್ಜಿ?"

ನಾನು ಗೋಣಿಯನ್ನು ಅಂಗಳಕ್ಕೆ ಎಸೆದು ಬಂದೆ. ಅವಳು ಪೆಟ್ಟಿಗೆಯ ತಗಡು ಬಿಚ್ಚಿ, ಬಾಕಿಯಿದ್ದ ಚಿತ್ರಗಳನ್ನು ತಯಾರಿಗೆ ಹಚ್ಚಿದಳು. ಈಗಿನದು ಹೊಸ ಕಾರ್ಡ್. ನಾನು ಸ್ಟೂಲು ಎಳೆದುಕೊಂಡೆ. ಅಂಗಳದ ಮೆಣಸು ಬಿದ್ದಿರಲಿ. ಅಂಕಿ ಅರವತ್ತು ದಾಟಿತು, ಎಪ್ಪತ್ತು ದಾಟಿತು.

"ಎಪ್ಪತ್ನಾಕು," ಅಂದೆ, ಅವಳು ಕೇಳುವ ಮೊದಲೇ.